ಇಂಗ್ಲಿಷ್ ಕಲಿಯುವವರ ಪಾಠದಲ್ಲಿ ಯಾವ ಪದ ಇರಬೇಕು, ಯಾವುದು ಬೇಡ? ಪದೇ ಪದೇ ಕೇಳುವ ಪ್ರಶ್ನೆಗಳು

ಮುಂಬೈ ಪಕ್ಕದ ಡೊಂಬಿವಲಿಯ ನಮ್ಮ ಭಾನುವಾರದ ಇಂಗ್ಲಿಷ್ ತರಗತಿಗೆ ಬರುವವರು ಒಂದೇ ಥರದವರಲ್ಲ. ಹೋಟೆಲಿನ ಕೌಂಟರಿನಲ್ಲಿ ಕೂರುವವರಿದ್ದಾರೆ. ಮಗುವಿನ ಶಾಲೆಯ ಡೈರಿ ಓದಲು ಬರಬೇಕು ಅಂತ ಬರುವ ತಾಯಂದಿರಿದ್ದಾರೆ. ಕನ್ನಡ ಮಾಧ್ಯಮದಲ್ಲಿ ಹತ್ತನೇ ತರಗತಿ ಮುಗಿಸಿ ಕಾಲೇಜಿಗೆ ಹೊರಟವರು, ವಿಜಯಪುರದ ಕಡೆಯಿಂದ ಬಂದು ಸೈಟಿನಲ್ಲಿ ಸೂಪರ್‌ವೈಸರ್ ಆದವರು ಕೂಡ ಇದ್ದಾರೆ. ಇಂಥವರಿಗೆ ಓದಲು ಪಾಠ ಬರೆಯುವವರು, ಆರಿಸುವವರು ಕೇಳುವ ಪ್ರಶ್ನೆಗಳು ಇಲ್ಲಿವೆ. ಕಲಿಯುವವರೇ ಕೇಳಿದ್ದೂ ಕೆಲವಿವೆ. ವ್ಯಾಕರಣದ ಮಾತು ಇಲ್ಲಿ ಕಮ್ಮಿ, ಪದಗಳದ್ದೇ ಜಾಸ್ತಿ.

ಒಂದು ಪುಟದಲ್ಲಿ ಎಷ್ಟು ಹೊಸ ಪದ ಇರಬಹುದು?

ಐವತ್ತು ಪದಕ್ಕೆ ಒಂದು. ಅದಕ್ಕಿಂತ ಜಾಸ್ತಿಯಾದರೆ ಓದು ನಿಂತುಹೋಗಿ ಡಿಕ್ಷನರಿ ಹುಡುಕಾಟ ಶುರುವಾಗುತ್ತದೆ.

ಇದು ನಮ್ಮ ಅಂದಾಜಲ್ಲ. ನೂರರಲ್ಲಿ 95 ಪದ ಗೊತ್ತಿದ್ದರೆ ಒಂದು ಮಟ್ಟಕ್ಕೆ ಅರ್ಥವಾಗುತ್ತದೆ ಎಂದು 1989ರಲ್ಲಿ ಲಾಫರ್ ಎಂಬ ಸಂಶೋಧಕಿ ಹೇಳಿದ್ದರು. 2000ದಲ್ಲಿ ಹೂ ಮತ್ತು ಪಾಲ್ ನೇಷನ್ ಎಂಬ ಇಬ್ಬರು ಸಂಶೋಧಕರು ಇನ್ನೊಂದು ರೀತಿಯಲ್ಲಿ ನೋಡಿದರು. ಒಂದು ಕತೆ ತಗೊಂಡು, ಅದರೊಳಗೆ ಅಲ್ಲಲ್ಲಿ ಅರ್ಥವೇ ಇಲ್ಲದ ಸುಳ್ಳು ಪದ ಸೇರಿಸಿ ಓದಲು ಕೊಟ್ಟರು. ಐದಕ್ಕೊಂದು ಪದ ಸುಳ್ಳಾದಾಗ ಯಾರಿಗೂ ಕತೆ ಸರಿಯಾಗಿ ತಿಳಿಯಲಿಲ್ಲ. ಹತ್ತಕ್ಕೊಂದು ಆದಾಗ ಕೆಲವರಿಗಷ್ಟೇ ತಿಳಿಯಿತು. ಹೆಚ್ಚಿನವರು ಯಾರ ಸಹಾಯವೂ ಇಲ್ಲದೆ ಓದಿಕೊಳ್ಳಬೇಕಾದರೆ ನೂರಕ್ಕೆ 98 ಗೊತ್ತಿರಬೇಕು ಎಂದು ಇದರಿಂದ ಅವರು ಲೆಕ್ಕ ಹಾಕಿದರು.

ಸಾಲಿಗೆ ಇಳಿಸಿ ನೋಡಿ. ಒಂದು ಪುಟದಲ್ಲಿ 250 ಪದ ಇದೆ ಎಂದುಕೊಳ್ಳೋಣ. 98ರ ಲೆಕ್ಕದಲ್ಲಿ ಹೊಸ ಪದ ಐದು. 90ರ ಲೆಕ್ಕದಲ್ಲಿ ಇಪ್ಪತ್ತೈದು, ಅಂದರೆ ಸರಿಸುಮಾರು ಸಾಲಿಗೊಂದು. ‘ಗೊತ್ತಿಲ್ಲದ ಪದವನ್ನು ಹಿಂದೆಮುಂದೆ ನೋಡಿ ಊಹಿಸಿ’ ಅಂತ ನಾವು ಸಲೀಸಾಗಿ ಹೇಳಿಬಿಡುತ್ತೇವೆ. ಹಿಂದಿನದೂ ಮುಂದಿನದೂ ಗೊತ್ತಿಲ್ಲದಿದ್ದರೆ ಪಾಪ, ಅವರು ಏನನ್ನು ನೋಡಿ ಊಹಿಸಬೇಕು?

ನಮ್ಮವರಿಗೆ ಯಾವ ಪದ ಗೊತ್ತಿದೆ, ಯಾವುದು ಗೊತ್ತಿಲ್ಲ ಅಂತ ತಿಳಿಯುವುದು ಹೇಗೆ? ಯಾವುದಾದರೂ ಪಟ್ಟಿ ಇದೆಯಾ?

ಪಟ್ಟಿಗಳು ಬೇಕಾದಷ್ಟಿವೆ. ಹಳೆಯ, ಹೆಸರಾದ ಪಟ್ಟಿ ಮೈಕೆಲ್ ವೆಸ್ಟ್ ಅವರದು. ಇವರು 1920ರ ದಶಕದಲ್ಲಿ ಢಾಕಾದಲ್ಲಿ ಕೆಲಸ ಮಾಡುತ್ತಿದ್ದವರು. ಬಂಗಾಳಿ ಮಕ್ಕಳ ಇಂಗ್ಲಿಷ್ ಪಠ್ಯಗಳಲ್ಲಿ ಎರಡು ತೊಂದರೆ ಅವರ ಕಣ್ಣಿಗೆ ಬಿತ್ತು. ಹೊಸ ಪದಗಳು ಒಂದರ ಮೇಲೊಂದು ಬಂದು ಬೀಳುತ್ತಿದ್ದವು. ಜೊತೆಗೆ ಯಾರೂ ಆಡದ ಹಳೇ ಕಾವ್ಯದ ಪದಗಳು ತುಂಬಿದ್ದವು. ‘ಬಿಹೋಲ್ಡ್’, ‘ಪ್ಲೈಟ್’ ಥರದವನ್ನು ತೆಗೆದು, ದಿನಬಳಕೆಯ ಪದ ಹಾಕಿ, ಹೊಸ ಪದಗಳನ್ನು ದೂರ ದೂರ ಇಟ್ಟು ಅವರು ಹೊಸ ವಾಚಕಗಳನ್ನು ಬರೆದರು. 1953ರಲ್ಲಿ ಸುಮಾರು 2000 ಪದಗಳ ಅವರ ಪಟ್ಟಿ ಪ್ರಕಟವಾಯಿತು. 2013ರಲ್ಲಿ ಬೇರೆಯವರು ಅದೇ ದಾರಿಯಲ್ಲಿ ಸುಮಾರು 2800 ಪದಗಳ ಹೊಸ ಪಟ್ಟಿ ಮಾಡಿದ್ದಾರೆ. 2000ದಲ್ಲಿ ನ್ಯೂಜಿಲೆಂಡಿನ ಆವೆರಿಲ್ ಕಾಕ್ಸ್‌ಹೆಡ್ ಕಾಲೇಜು ಓದಿಗೆ ಬೇಕಾದ 570 ಪದ ಕುಟುಂಬಗಳ ಪಟ್ಟಿ ಕೊಟ್ಟರು. ವೆಸ್ಟ್ ಪಟ್ಟಿಯಲ್ಲಿ ಇಲ್ಲದವನ್ನೇ ಅವರು ಆರಿಸಿದ್ದು. (ಕುಟುಂಬ ಅಂದರೆ ಹೆಲ್ಪ್, ಹೆಲ್ಪ್ಡ್, ಹೆಲ್ಪ್‌ಫುಲ್, ಹೆಲ್ಪ್‌ಲೆಸ್ ಎಲ್ಲ ಸೇರಿ ಒಂದು ಎಣಿಕೆ.)

ಆದರೆ ಈ ಪಟ್ಟಿಗಳಿಗೆ ಡೊಂಬಿವಲಿ ಗೊತ್ತಿಲ್ಲ! ಕಾಂಟ್ರ್ಯಾಕ್ಟ್, ಲೈಸೆನ್ಸ್, ಟ್ರಾನ್ಸ್‌ಫರ್, ಸೆಕ್ಯುರಿಟಿ, ಡಾಕ್ಯುಮೆಂಟ್, ಮೇಂಟೆನೆನ್ಸ್: ಈ ಆರೂ ಕಾಲೇಜು ಪಟ್ಟಿಯ ಕುಟುಂಬಕ್ಕೆ ಸೇರಿದವು. ಅಂದರೆ ಮೊದಲ 2000 ಕಲಿತ ಮೇಲೆ ಬರಬೇಕಾದ ‘ಕಷ್ಟದ’ ಪದಗಳು. ನಮ್ಮ ತರಗತಿಯಲ್ಲಿ ಇವು ಗೊತ್ತಿಲ್ಲದವರೇ ಇಲ್ಲ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವರೂ ತಿಂಗಳು ತಿಂಗಳು ತಾವಿರುವ ಕಟ್ಟಡದ ಸೊಸೈಟಿಗೆ ಮೇಂಟೆನೆನ್ಸ್ ಕಟ್ಟುತ್ತಾರೆ. ಇನ್ನೊಂದು ಕಡೆ ‘ಅನ್‌ಲೆಸ್’, ‘ದೋ’, ‘ರಾದರ್’, ‘ಯೆಟ್’ ಇವೆಯಲ್ಲ, ದಿನಬಳಕೆಯ ಪದಗಳ ಪಟ್ಟಿಗಳಲ್ಲೆಲ್ಲ ಇರುತ್ತವೆ. ಇವು ಬಂದ ಕೂಡಲೇ ಓದು ಮುಗ್ಗರಿಸುತ್ತದೆ. ಕನ್ನಡದ ಮಾತಿನಲ್ಲಿ ಇವು ನುಸುಳಿ ಬಂದಿಲ್ಲ, ಹಾಗಾಗಿ ಕಿವಿಗೆ ಬಿದ್ದಿಲ್ಲ.

ಅದಕ್ಕೇ ನಮ್ಮ ಸಲಹೆ: ಪಟ್ಟಿಯನ್ನು ಪಕ್ಕದಲ್ಲಿ ಇಟ್ಟುಕೊಳ್ಳಿ, ಆದರೆ ಪಾಠವನ್ನು ಅದರ ಕೈಗೆ ಕೊಡಬೇಡಿ. ಬ್ಯಾಂಕು, ಆಸ್ಪತ್ರೆ, ರೈಲು, ಸೊಸೈಟಿ, ಹೋಟೆಲು, ಮೊಬೈಲು, ಇಲ್ಲಿಂದ ಬಂದ ದೊಡ್ಡ ಪದಗಳನ್ನು ಗೊತ್ತಿರುವ ಲೆಕ್ಕಕ್ಕೆ ಹಾಕಿ. ಸಣ್ಣ ಪದಗಳ ಮೇಲೆ ಕಣ್ಣಿಡಿ.

ಹಾಗಾದರೆ ಕನ್ನಡದಲ್ಲಿ ಆಡುವ ಇಂಗ್ಲಿಷ್ ಪದಗಳನ್ನೆಲ್ಲ ಧೈರ್ಯವಾಗಿ ಹಾಕಬಹುದಾ?

ಹೆಚ್ಚಿನವನ್ನು ಹಾಕಬಹುದು. ಎರಡು ಕಡೆ ಜೋಪಾನ.

ಒಂದು, ಕೇಳಿ ಗೊತ್ತು, ನೋಡಿ ಗೊತ್ತಿಲ್ಲ. ‘ರಿಸೀಟ್’ ಅಂತ ದಿನಾ ಹೇಳುವವರು ಅದರ ಸ್ಪೆಲಿಂಗಿನಲ್ಲಿ ಸುಮ್ಮನೆ ಕೂತಿರುವ ‘ಪಿ’ ನೋಡಿ ಬೇರೆ ಯಾವುದೋ ಪದ ಅಂದುಕೊಳ್ಳುತ್ತಾರೆ. ಮೊದಲ ಸಲ ಬಂದಾಗ ಜೋರಾಗಿ ಓದಿ ಹೇಳಿದರೆ ಸಾಕು, ಮುಖ ಅರಳುತ್ತದೆ.

ಎರಡು, ನಮ್ಮಲ್ಲಿ ಬಂದು ಅರ್ಥ ಬದಲಾದವು. ನಮಗೆ ಹೋಟೆಲ್ ಅಂದರೆ ಇಡ್ಲಿ-ವಡೆ ಸಿಗುವ ಜಾಗ. ಪಾಠದಲ್ಲಿ ಹೋಟೆಲಿನ ರೂಮಿನಲ್ಲಿ ಮಲಗಿದ ಎಂದು ಬಂದರೆ ‘ಕೆಲಸದ ಹುಡುಗ ಇರಬೇಕು’ ಅಂತ ತಿಳಿಯುತ್ತಾರೆ. ಮುಂಬೈಯ ಉಡುಪಿ ಹೋಟೆಲುಗಳಲ್ಲಿ ದುಡಿದವರು ಹಾಗೆ ತಿಳಿಯುವುದರಲ್ಲಿ ಆಶ್ಚರ್ಯ ಏನೂ ಇಲ್ಲ. ‘ಡೌಟ್’ ನಮಗೆ ಪ್ರಶ್ನೆ, ಇಂಗ್ಲಿಷರಿಗೆ ಅನುಮಾನ. ‘ಪಾಸ್ ಔಟ್’ ಅಂದರೆ ನಮಗೆ ಡಿಗ್ರಿ ಮುಗಿಸುವುದು, ಹೊರದೇಶದವರಿಗೆ ಎಚ್ಚರ ತಪ್ಪಿ ಬೀಳುವುದು. ಇಂಥವು ಪಾಠದಲ್ಲಿ ಬರಲಿ, ಆದರೆ ಯಾವ ಅರ್ಥದಲ್ಲಿ ಬಂದಿದೆ ಎಂದು ವಾಕ್ಯವೇ ತೋರಿಸುವ ಹಾಗೆ ಬರಲಿ.

ಸಣ್ಣ ಪದ ಯಾಕೆ ಅಷ್ಟು ಕಷ್ಟ? ಮೂರಕ್ಷರದ್ದು, ನಾಲ್ಕಕ್ಷರದ್ದು ತಾನೇ?

ಲೋಕಲ್ ಟ್ರೇನಿಗೆ ಹೋಗೋಣ. ‘ಮೈಂಡ್ ದ ಗ್ಯಾಪ್’ ಎಂಬ ಮಾತು ಸ್ಟೇಷನ್ನಿನಲ್ಲಿ ಕಿವಿಗೆ ಬೀಳುತ್ತಲೇ ಇರುತ್ತದೆ. ಪ್ಲಾಟ್‌ಫಾರ್ಮಿಗೂ ಗಾಡಿಗೂ ನಡುವಿನ ಸಂದಿ ನೋಡಿಕೊಂಡು ಹತ್ತಿ ಅಂತ. ಕೇಳಿ ಕೇಳಿ ಇದು ಎಲ್ಲರಿಗೂ ಗೊತ್ತು. ‘ಮೈಂಡ್’ ಅಂದರೆ ಮನಸ್ಸು ಎನ್ನುವುದೂ ಗೊತ್ತು. ಸರಿ, ಪದ ಗೊತ್ತಿದೆ ಅಂತ ನಾವು ಮುಂದೆ ಹೋಗುತ್ತೇವೆ.

ಆಮೇಲೆ ಒಂದು ಕತೆಯಲ್ಲಿ ‘ಡು ಯು ಮೈಂಡ್ ಇಫ್ ಐ ಸಿಟ್ ಹಿಯರ್?’ ಬರುತ್ತದೆ. ಅದಕ್ಕೆ ಉತ್ತರ ‘ನೋ, ನೋ, ಪ್ಲೀಸ್ ಸಿಟ್’. ಇಡೀ ತರಗತಿ ಗೊಂದಲ. ನೋ ಅಂದ ಮೇಲೆ ಕೂರಿಸಿಕೊಂಡದ್ದು ಹೇಗೆ? ಇನ್ನು ‘ನೆವರ್ ಮೈಂಡ್’ ಬಂದರೆ ‘ಯಾವತ್ತೂ ಮನಸ್ಸಿಲ್ಲ’. ‘ಶಿ ಚೇಂಜ್ಡ್ ಹರ್ ಮೈಂಡ್’ ಮಾತ್ರ ಹೇಗೋ ದಾಟುತ್ತದೆ, ಕನ್ನಡದಲ್ಲೂ ಮನಸ್ಸು ಬದಲಾಯಿಸುವುದು ಇದೆಯಲ್ಲ.

ವೆಸ್ಟ್ ತಮ್ಮ ಪಟ್ಟಿಯಲ್ಲಿ ಪದಗಳನ್ನು ಸುಮ್ಮನೆ ಬರೆದಿರಲಿಲ್ಲ. ಒಂದೊಂದು ಪದದ ಯಾವ ಅರ್ಥ ನೂರಕ್ಕೆ ಎಷ್ಟು ಸಲ ಬರುತ್ತದೆ ಎಂದೂ ಕೊಟ್ಟಿದ್ದರು. ಈಗಿನ ಬಹಳಷ್ಟು ಪಟ್ಟಿಗಳಲ್ಲಿ, ಕಂಪ್ಯೂಟರಿನ ಎಣಿಕೆಯಲ್ಲಿ, ಆ ಸೂಕ್ಷ್ಮ ಇಲ್ಲ. ಅಲ್ಲಿ ‘ಮೈಂಡ್’ ಎಲ್ಲಿ ಬಂದರೂ ಒಂದೇ ಪದ.

ಪಾಠ ಬರೆಯುವಾಗ ನಾವು ಪಾಲಿಸುವುದು ಇಷ್ಟು: ಒಂದು ಪಾಠದಲ್ಲಿ ಸಣ್ಣ ಪದಕ್ಕೆ ಒಂದೇ ಅರ್ಥ. ‘ಮೈಂಡ್’ ಇವತ್ತು ‘ಬೇಜಾರಿಲ್ಲ ತಾನೇ’ ಎಂಬ ಅರ್ಥದಲ್ಲಿ ಬಂದರೆ, ಇಡೀ ಪಾಠದಲ್ಲಿ ಹಾಗೇ. ಬೇರೆ ಅರ್ಥ ಬೇರೆ ವಾರ. ಗೆಟ್, ಟೇಕ್, ಪುಟ್, ಟರ್ನ್, ರನ್ ಇವುಗಳ ಪಕ್ಕ ಅಪ್, ಆಫ್, ಔಟ್ ಸೇರಿದಾಗಲೂ ಇದೇ ನಿಯಮ. ‘ಪುಟ್ ಆಫ್’ ಅನ್ನು ಪುಟ್ ಮತ್ತು ಆಫ್ ಎಂದು ಎರಡು ಗೊತ್ತಿರುವ ಪದವಾಗಿ ಎಣಿಸಬೇಡಿ. ಅದು ಒಂದು ಹೊಸ ಪದ.

ಕಷ್ಟದ ಇಂಗ್ಲಿಷನ್ನು ಸುಲಭ ಮಾಡುವುದು ಹೇಗೆ? ವಾಕ್ಯ ಚಿಕ್ಕದು ಮಾಡಿದರೆ ಆಯ್ತಲ್ವಾ?

ಆಗುವುದಿಲ್ಲ. ಒಂದು ಸೊಸೈಟಿ ನೋಟಿಸನ್ನೇ ನೋಡೋಣ.

‘ಮೆಂಬರ್ಸ್ ಆರ್ ಹಿಯರ್‌ಬೈ ಇನ್ಫಾರ್ಮ್ಡ್ ದಟ್ ಓವಿಂಗ್ ಟು ಟ್ಯಾಂಕ್ ಕ್ಲೀನಿಂಗ್, ವಾಟರ್ ಸಪ್ಲೈ ವಿಲ್ ರಿಮೇನ್ ಸಸ್ಪೆಂಡೆಡ್ ಫ್ರಮ್ ಟುಮಾರೋ ಟಿಲ್ ಫರ್ದರ್ ನೋಟಿಸ್. ಕೈಂಡ್ಲಿ ಸ್ಟೋರ್ ಅಡಿಕ್ವೇಟ್ ವಾಟರ್.’

ಇದನ್ನು ತರಗತಿಯಲ್ಲಿ ಓದಿಸಿದಾಗ ಒಬ್ಬ ಅಕ್ಕ ಕೇಳಿದರು: ‘ಸರ್, ಸಸ್ಪೆಂಡ್ ಮಾಡೋಕೆ ನೀರು ಏನು ತಪ್ಪು ಮಾಡಿತ್ತು?’ ಎಲ್ಲರೂ ನಕ್ಕರು. ಆದರೆ ಅವರ ಪ್ರಶ್ನೆ ಸರಿಯೇ. ಕನ್ನಡದಲ್ಲಿ ಸಸ್ಪೆಂಡ್ ಆಗುವುದು ನೌಕರ. ಅವರಿಗೆ ಮೆಂಬರ್, ಟ್ಯಾಂಕ್, ಸಪ್ಲೈ, ಸ್ಟೋರ್ ಯಾವುದೂ ತೊಂದರೆ ಕೊಡಲಿಲ್ಲ. ಸಿಕ್ಕಿಹಾಕಿಕೊಂಡದ್ದು ಹಿಯರ್‌ಬೈ, ಓವಿಂಗ್ ಟು, ಅಡಿಕ್ವೇಟ್, ಮತ್ತೆ ಈ ಸಸ್ಪೆಂಡೆಡ್.

ಕೆಲವರು ಇದನ್ನು ಹೀಗೆ ಕತ್ತರಿಸುತ್ತಾರೆ: ‘ವಿ ವಿಲ್ ಕ್ಲೀನ್ ದ ಟ್ಯಾಂಕ್. ದೇರ್ ವಿಲ್ ಬಿ ನೋ ವಾಟರ್. ಸ್ಟೋರ್ ವಾಟರ್.’ ಎಲ್ಲ ಪದವೂ ಸುಲಭ. ಆದರೆ ಯಾಕೆ, ಯಾವಾಗಿನಿಂದ, ಎಲ್ಲಿಯವರೆಗೆ ಎನ್ನುವುದೆಲ್ಲ ಹಾರಿಹೋಯಿತು. ವಾಕ್ಯ ಕತ್ತರಿಸುವ ಭರದಲ್ಲಿ ಬಿಕಾಸ್, ಸೋ, ವೆನ್, ಅನ್‌ಟಿಲ್ ಉದುರಿದರೆ, ಸಂಬಂಧ ಕಟ್ಟುವ ಕೆಲಸ ಓದುವವರ ತಲೆಗೆ ಬೀಳುತ್ತದೆ. ಹಾಗೆ ಮಾಡಿದ ಪಾಠ ನೋಡಲು ಸುಲಭ, ಓದಲು ಕಷ್ಟ.

ನಾವು ಮಾಡಿಕೊಂಡದ್ದು ಹೀಗೆ: ‘ದೇರ್ ವಿಲ್ ಬಿ ನೋ ವಾಟರ್ ಫ್ರಮ್ ಟುಮಾರೋ ಬಿಕಾಸ್ ವಿ ಆರ್ ಕ್ಲೀನಿಂಗ್ ದ ಟ್ಯಾಂಕ್. ಪ್ಲೀಸ್ ಸ್ಟೋರ್ ಇನಫ್ ವಾಟರ್ ಟುನೈಟ್. ವಿ ವಿಲ್ ಟೆಲ್ ಯು ವೆನ್ ದ ಸಪ್ಲೈ ಸ್ಟಾರ್ಟ್ಸ್ ಅಗೇನ್.’ ಸಪ್ಲೈ, ಸ್ಟೋರ್ ಹಾಗೇ ಉಳಿದವು. ಬಿಕಾಸ್ ಇದೆ, ವೆನ್ ಇದೆ. ಓದಿದವರು ನೀರು ತುಂಬಿಟ್ಟುಕೊಳ್ಳುತ್ತಾರೆ.

ಇದನ್ನು ಓದಿಸಿ ಮುಗಿದ ಮೇಲೆ ಮೂಲ ನೋಟಿಸನ್ನು ಇನ್ನೊಮ್ಮೆ ಕೊಡಿ. ಗೋಡೆಯ ಮೇಲೆ ಅಂಟಿಸಿರುವುದು ಅದೇ ತಾನೇ.

ಪದ ಗೊತ್ತಿದೆ, ಅರ್ಥ ಗೊತ್ತಿದೆ, ಆದರೂ ಬರೆಯುವಾಗ ತಪ್ಪುತ್ತದೆ. ಯಾಕೆ?

ಪದ ಒಂಟಿಯಾಗಿ ಗೊತ್ತಿದೆ, ಅದರ ಜೊತೆಗಾರ ಗೊತ್ತಿಲ್ಲ. ಕನ್ನಡದಲ್ಲಿ ‘ಮಾಡು’ ಒಂದಿದ್ದರೆ ಸಂಸಾರ ನಡೆಯುತ್ತದೆ. ಸ್ನಾನ ಮಾಡು, ಊಟ ಮಾಡು, ನಿದ್ದೆ ಮಾಡು, ಫೋನ್ ಮಾಡು, ತಪ್ಪು ಮಾಡು. ಇಂಗ್ಲಿಷಿನಲ್ಲಿ ಸ್ನಾನಕ್ಕೆ ಟೇಕ್, ಊಟಕ್ಕೆ ಹ್ಯಾವ್, ತಪ್ಪಿಗೆ ಮೇಕ್, ಹೋಂವರ್ಕಿಗೆ ಡು. ನಿದ್ದೆಗೆ ಯಾವುದೂ ಬೇಡ, ಸುಮ್ನೆ ‘ಸ್ಲೀಪ್’. ಇದಕ್ಕೆ ಕಾರಣ ಹುಡುಕಿಕೊಂಡು ಕೂರಬೇಡಿ.

‘ಫ್ಯಾನ್ ಹಾಕು’ ಎನ್ನುವವರು ‘ಪುಟ್ ದ ಫ್ಯಾನ್’ ಎನ್ನುತ್ತಾರೆ. ಜ್ವರ ಬಂದಿದೆ ಅಂದರೆ ‘ಫೀವರ್ ಹ್ಯಾಸ್ ಕಮ್’, ಮಳೆ ಬರ್ತಿದೆ ಅಂದರೆ ‘ರೇನ್ ಈಸ್ ಕಮಿಂಗ್’. ಈ ತಪ್ಪುಗಳನ್ನು ಕೆಂಪು ಗೆರೆ ಹೊಡೆದು ತಿದ್ದುವುದಕ್ಕಿಂತ ಪಾಠದಲ್ಲೇ ಸರಿಯಾದ ಜೋಡಿಯನ್ನು ಮತ್ತೆ ಮತ್ತೆ ತರುವುದು ಮೇಲು. ಒಂದು ಚಿಕ್ಕ ಕತೆಯಲ್ಲಿ ‘ಮೇಕ್ ಎ ಮಿಸ್ಟೇಕ್’ ಮೂರು ಸಲ ಬರಲಿ. ಪಾಠದ ಕೊನೆಗೆ ಪದಪಟ್ಟಿ ಕೊಡುವುದಾದರೆ ‘ಮಿಸ್ಟೇಕ್ = ತಪ್ಪು’ ಎಂದು ಬರೆಯಬೇಡಿ, ‘ಮೇಕ್ ಎ ಮಿಸ್ಟೇಕ್ = ತಪ್ಪು ಮಾಡು’ ಎಂದು ಬರೆಯಿರಿ.

ಒಂದು ಹೊಸ ಪದ ಎಷ್ಟು ಸಲ ಕಣ್ಣಿಗೆ ಬೀಳಬೇಕು?

ಎಂಟು ಹತ್ತು ಸಲವಾದರೂ. ಒಂದೇ ಪಾಠದಲ್ಲಿ ಅಲ್ಲ, ವಾರಗಳ ಮೇಲೆ ಹರಡಿ. ಸುಲಭದ ಉಪಾಯ ಅಂದರೆ ನಾಲ್ಕಾರು ಪಾಠ ಒಂದೇ ವಿಷಯದ ಮೇಲೆ ಇರಲಿ. ಆಸ್ಪತ್ರೆ ಎಂದರೆ ಇಡೀ ತಿಂಗಳು ಆಸ್ಪತ್ರೆ: ಚೀಟಿ ಮಾಡಿಸುವುದು, ಡಾಕ್ಟರ ಜೊತೆ ಮಾತು, ಔಷಧಿ ಅಂಗಡಿ, ಬಿಲ್ಲು. ಪದಗಳು ತಾವಾಗಿಯೇ ಮರಳಿ ಬರುತ್ತವೆ. ವಾರಕ್ಕೊಂದು ಹೊಸ ವಿಷಯ ಕೊಟ್ಟರೆ ಓದುವವರಿಗೆ ಮಜಾ, ಪದಗಳು ಮಾತ್ರ ಕೈಗೆ ಹತ್ತುವುದಿಲ್ಲ.

ವಿರುದ್ಧ ಪದಗಳನ್ನು ಜೋಡಿಯಾಗಿ ಕಲಿಸಬಹುದಾ?

ಹೊಸದಾಗಿ ಕಲಿಸುವಾಗ ಬೇಡ. ಲೆಫ್ಟ್-ರೈಟ್, ಬಾರೋ-ಲೆಂಡ್ ಒಟ್ಟಿಗೆ ಕಲಿತವರು ವರ್ಷಗಟ್ಟಲೆ ಯಾವುದು ಯಾವುದು ಅಂತ ತಡಕಾಡುತ್ತಾರೆ. ಒಂದೇ ಗುಂಪಿನ ಪದಗಳನ್ನು ಒಟ್ಟಿಗೆ ಕಲಿತರೆ ಒಂದಕ್ಕೊಂದು ಅಡ್ಡ ಬರುತ್ತವೆ ಎಂದು 1990ರ ದಶಕದ ಪ್ರಯೋಗಗಳೂ ತೋರಿಸಿವೆ. ಮೊದಲು ಬಾರೋ ಗಟ್ಟಿಯಾಗಲಿ, ಲೆಂಡ್ ಆಮೇಲೆ ಬರಲಿ. ಬಣ್ಣಗಳ ಪಟ್ಟಿ, ತರಕಾರಿಗಳ ಪಟ್ಟಿ ಕೊಡುವ ಚಟಕ್ಕೂ ಇದೇ ಮಾತು.

ಅರ್ಥವನ್ನು ಕನ್ನಡದಲ್ಲಿ ಬರೆಯಬಹುದಾ? ಇಂಗ್ಲಿಷಿನಲ್ಲೇ ವಿವರಿಸಬೇಕು ಅಂತಾರಲ್ಲ?

ಧಾರಾಳವಾಗಿ ಕನ್ನಡದಲ್ಲಿ ಬರೆಯಿರಿ. ಆ ಪದ ಇರುವ ಸಾಲಿನ ಪಕ್ಕದಲ್ಲೇ, ಅಂಚಿನಲ್ಲಿ. ಕೊನೆಯ ಪುಟದಲ್ಲಿ ಕೊಟ್ಟರೆ ಯಾರೂ ತಿರುಗಿಸಿ ನೋಡುವುದಿಲ್ಲ. ಆ ಪಾಠಕ್ಕೆ ಬೇಕಾದ ಒಂದು ಅರ್ಥ ಸಾಕು.

ನಮ್ಮಲ್ಲಿ ಹಲವರ ಮನೆಮಾತು ತುಳು. ಬೀದಿಯಲ್ಲಿ ಹಿಂದಿ, ಆಫೀಸಿನಲ್ಲಿ ಮರಾಠಿ. ಕೆಲವು ಸಲ ಪುಸ್ತಕದ ಕನ್ನಡ ಪದಕ್ಕಿಂತ ಮರಾಠಿ ಪದವೇ ತಟ್ಟನೆ ಹೊಳೆಯುತ್ತದೆ. ‘ಟೆನೆಂಟ್’ ಪಕ್ಕದಲ್ಲಿ ‘ಬಾಡಿಗೆದಾರ’ ಬರೆದು, ಬಾಯಲ್ಲಿ ‘ಭಾಡೇಕರು’ ಅಂದರೆ ಯಾರ ಗಂಟೂ ಹೋಗುವುದಿಲ್ಲ.

ಯಾವ ಡಿಕ್ಷನರಿ ಒಳ್ಳೆಯದು?

ಕಲಿಯುವವರಿಗಾಗಿಯೇ ಮಾಡಿದ ಇಂಗ್ಲಿಷ್-ಇಂಗ್ಲಿಷ್ ಡಿಕ್ಷನರಿ ಒಂದು, ಇಂಗ್ಲಿಷ್-ಕನ್ನಡ ಒಂದು. ಮೊದಲನೆಯ ಜಾತಿಯವುಗಳಲ್ಲಿ ಹೆಸರಾದದ್ದು ಹಾರ್ನ್‌ಬಿಯವರದು. ಜಪಾನಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಅವರು 1942ರಲ್ಲಿ ಟೋಕಿಯೋದಲ್ಲಿ ಅದನ್ನು ತಂದರು. 1948ರಲ್ಲಿ ಆಕ್ಸ್‌ಫರ್ಡ್ ಅದನ್ನೇ ಮರಳಿ ಪ್ರಕಟಿಸಿತು. 1978ರಲ್ಲಿ ಬಂದ ಲಾಂಗ್‌ಮನ್ ಡಿಕ್ಷನರಿಯಲ್ಲಿ ಎಲ್ಲ ಅರ್ಥಗಳನ್ನೂ ಸುಮಾರು 2000 ಸುಲಭ ಪದಗಳೊಳಗೇ ವಿವರಿಸಿದ್ದಾರೆ. ಆ ಸುಮಾರು 2000 ಬಂದರೆ ಮಿಕ್ಕ ಡಿಕ್ಷನರಿಯನ್ನು ಅದರಿಂದಲೇ ಓದಿಕೊಳ್ಳಬಹುದು. ಅರ್ಥಕ್ಕಿಂತ ಉದಾಹರಣೆ ವಾಕ್ಯಗಳನ್ನು ನೋಡುವ ಅಭ್ಯಾಸ ಮಾಡಿಸಿ.

ದಿನಪತ್ರಿಕೆ ಓದಿದರೆ ಇಂಗ್ಲಿಷ್ ಬರುತ್ತದೆ ಅಂತಾರೆ. ನಿಜವಾ?

ಬರುತ್ತದೆ, ಆದರೆ ಶುರುವಿಗೇ ಅದನ್ನು ಕೊಡಬೇಡಿ. ಯಾರ ಸಹಾಯವೂ ಇಲ್ಲದೆ ಇಂಗ್ಲಿಷ್ ಪತ್ರಿಕೆ, ಕಾದಂಬರಿ ಓದಿಕೊಳ್ಳಲು ಎಂಟು ಒಂಬತ್ತು ಸಾವಿರ ಪದ ಕುಟುಂಬ ಬೇಕು ಎಂದು ನೇಷನ್ 2006ರಲ್ಲಿ ಲೆಕ್ಕ ಹಾಕಿದ್ದಾರೆ. ಅದರಲ್ಲೂ ತಲೆಬರಹಗಳದ್ದು ಬೇರೆಯೇ ಲೋಕ. ನ್ಯಾಬ್, ಪ್ರೋಬ್, ಸ್ಲ್ಯಾಮ್, ನಾಡ್. ಮಾತಿನಲ್ಲಿ ಯಾರು ‘ನ್ಯಾಬ್’ ಅಂತಾರೆ ಹೇಳಿ? ಸುದ್ದಿಯೇ ಬೇಕಿದ್ದರೆ ವಾಯ್ಸ್ ಆಫ್ ಅಮೆರಿಕ 1959ರಲ್ಲಿ ಶುರು ಮಾಡಿದ ನಿಧಾನ ಇಂಗ್ಲಿಷಿನ ಮಾದರಿ ನೋಡಿ. ಸುಮಾರು 1500 ಪದಗಳೊಳಗೆ ಜಗತ್ತಿನ ಸುದ್ದಿ ಹೇಳುತ್ತಿದ್ದರು.

ಕನ್ನಡ ಮಾಧ್ಯಮದಲ್ಲಿ ಓದಿ ಕಾಲೇಜಿಗೆ ಹೋಗುವವರಿಗೆ ಬೇರೆ ಪಾಠ ಬೇಕಾ?

ಬೇಕು, ಖಂಡಿತ ಬೇಕು. ಮಹಾರಾಷ್ಟ್ರದ ಕನ್ನಡ ಮಾಧ್ಯಮದ ಪಠ್ಯಪುಸ್ತಕಗಳನ್ನೂ ರಾಜ್ಯದ ಪಠ್ಯಪುಸ್ತಕ ಸಂಸ್ಥೆಯಾದ ಪುಣೆಯ ಬಾಲಭಾರತಿಯೇ ಹೊರತರುತ್ತದೆ. ಆ ಪುಸ್ತಕಗಳಲ್ಲಿ ಓದಿದ ಹುಡುಗಿಗೆ ದ್ಯುತಿಸಂಶ್ಲೇಷಣೆ ಗೊತ್ತು, ವೇಗೋತ್ಕರ್ಷ ಗೊತ್ತು. ಕಾಲೇಜಿನಲ್ಲಿ ಇದೇ ವಿಷಯಗಳು ಇಂಗ್ಲಿಷ್ ಹೆಸರಿನಲ್ಲಿ ಬರುತ್ತವೆ. ವಿಜ್ಞಾನದ ಆ ಹೆಸರುಗಳನ್ನು ಅವಳು ಒಂದು ತಿಂಗಳಲ್ಲಿ ಕಲಿತುಬಿಡುತ್ತಾಳೆ, ಯಾಕೆಂದರೆ ವಿಷಯ ತಲೆಯಲ್ಲಿದೆ. ಅವಳನ್ನು ಸೋಲಿಸುವುದು ಡಿಫೈನ್, ಅಸ್ಯೂಮ್, ಎಸ್ಟಿಮೇಟ್, ಡಿರೈವ್. ಪ್ರಶ್ನೆಪತ್ರಿಕೆಯಲ್ಲಿ ಏನು ಮಾಡು ಅಂತ ಹೇಳುವ ಪದಗಳೇ ಇವು. ಎಲ್ಲವೂ ಕಾಕ್ಸ್‌ಹೆಡ್ ಪಟ್ಟಿಯ ಮೊದಲ ಭಾಗದಲ್ಲಿವೆ. ಇವರ ಮಟ್ಟಿಗೆ ಆ ಪಟ್ಟಿ ನಿಜವಾಗಿ ಕೆಲಸಕ್ಕೆ ಬರುತ್ತದೆ. ಹತ್ತನೇ ಪರೀಕ್ಷೆ ಮುಗಿದು ಕಾಲೇಜು ಶುರುವಾಗುವ ಮೊದಲು ಸಿಗುವ ರಜೆಯಲ್ಲಿ ಅವಳಿಗೆ ಗೊತ್ತಿರುವ ವಿಜ್ಞಾನದ ವಿಷಯದ ಮೇಲೇ ಇಂಗ್ಲಿಷ್ ಪಾಠ ಕೊಡಿ.

ದೊಡ್ಡವರಿಗೆ ಮಕ್ಕಳ ಕತೆಪುಸ್ತಕ ಕೊಡಬಹುದಾ?

ಬೇಡ. ಮಕ್ಕಳ ಪುಸ್ತಕ ಸುಲಭ ಎನ್ನುವುದು ಬರೀ ಭ್ರಮೆ. ಅದರ ತುಂಬ ರಾಕ್ಷಸ, ಮಾಟಗಾತಿ, ಹಂದಿಮರಿ, ಅವುಗಳ ಕೂಗು. ಐವತ್ತು ವರ್ಷದ ಹೋಟೆಲ್ ಮಾಲಕರಿಗೆ ಇಂಗ್ಲಿಷ್ ಕಪ್ಪೆಯ ಕೂಗು ಯಾಕೆ? ಹಗಲು ದುಡಿದು ರಾತ್ರಿ ಶಾಲೆಯಲ್ಲಿ ಓದಿ ಮೇಲೆ ಬಂದ ಹಿರಿಯರು ಈ ಊರಿನ ಕನ್ನಡಿಗರಲ್ಲಿ ಬಹಳ ಜನ ಇದ್ದಾರೆ. ಅಂಥವರ ಕೈಗೆ ಮೊಲದ ಕತೆ ಕೊಟ್ಟರೆ ಎರಡನೇ ವಾರ ಬರುವುದಿಲ್ಲ. ಪದ ಸುಲಭ ಇರಲಿ, ವಿಷಯ ದೊಡ್ಡವರದ್ದೇ ಇರಲಿ.

ಪ್ರಿಪೋನ್, ಔಟ್ ಆಫ್ ಸ್ಟೇಷನ್ ಇವೆಲ್ಲ ತಪ್ಪು ಇಂಗ್ಲಿಷಾ?

ಇಲ್ಲಿ ಎಲ್ಲರಿಗೂ ತಿಳಿಯುತ್ತದೆ, ತಪ್ಪಲ್ಲ. ಹೊರದೇಶದ ಗಿರಾಕಿಗೆ ಇಮೇಲ್ ಬರೆಯುವವರಿಗೆ ಮಾತ್ರ ಬೇರೆ ಪದ ಹೇಳಿಕೊಡಿ.

ಮೊಬೈಲಿನಲ್ಲಿ ಎಐಗೆ ಹೇಳಿದರೆ ಅದೇ ಪಾಠ ಸುಲಭ ಮಾಡಿ ಕೊಡುತ್ತಲ್ಲ?

ಕೊಡುತ್ತದೆ. ಬೇಗ ಕೊಡುತ್ತದೆ ಕೂಡ. ಆದರೆ ಮೇಂಟೆನೆನ್ಸ್ ನಮ್ಮವರಿಗೆ ಸುಲಭ, ‘ಅನ್‌ಲೆಸ್’ ಕಷ್ಟ ಎನ್ನುವುದನ್ನು ನೀವೇ ಹೇಳಬೇಕು. ಹೇಳದಿದ್ದರೆ ಗೊತ್ತಿರುವ ದೊಡ್ಡ ಪದ ತೆಗೆದು, ಗೊತ್ತಿಲ್ಲದ ಸಣ್ಣ ಪದಗಳ ಸಾಲು ಹಾಕಬಹುದು. ಬಂದದ್ದನ್ನು ಹಾಗೇ ಜೆರಾಕ್ಸ್ ಮಾಡಬೇಡಿ. ಮೊದಲು ಒಬ್ಬರ ಕೈಗೆ ಪೆನ್ಸಿಲ್ ಕೊಟ್ಟು, ತಿಳಿಯದ ಪದಕ್ಕೆ ಗೆರೆ ಹಾಕಿಸಿ. ನಾಚಿಕೆಗೆ ಕೆಲವರು ಗೆರೆ ಹಾಕುವುದಿಲ್ಲ, ಹಾಗಾಗಿ ‘ಪರೀಕ್ಷೆ ನಿಮಗಲ್ಲ, ಪಾಠಕ್ಕೆ’ ಎಂದು ಮೊದಲೇ ಹೇಳಿಬಿಡಿ.

ಹೆಸರಾಂತ ಕತೆಯನ್ನು ಸುಲಭ ಇಂಗ್ಲಿಷಿಗೆ ಇಳಿಸಿ ಹಂಚಬಹುದಾ?

ಬರೆದವರು ತೀರಿಕೊಂಡು 60 ವರ್ಷ ದಾಟಿದ್ದರೆ ನಮ್ಮ ದೇಶದ ಕಾನೂನಿನಲ್ಲಿ ಅಡ್ಡಿಯಿಲ್ಲ. ಲೆಕ್ಕ ಶುರುವಾಗುವುದು ತೀರಿಕೊಂಡ ಮರುವರ್ಷದಿಂದ. ಅದರೊಳಗಾದರೆ ಹಕ್ಕುದಾರರ ಒಪ್ಪಿಗೆ ಬೇಕು. ಸುಲಭ ಮಾಡಿ ಬರೆಯುವುದೂ ರೂಪಾಂತರವೇ. ಕನ್ನಡದ ಕತೆಯನ್ನು ಇಂಗ್ಲಿಷಿಗೆ ತಂದು ಪಾಠ ಮಾಡುವುದಾದರೂ ಅದೇ ನಿಯಮ. ಪಂಚತಂತ್ರ, ತೆನಾಲಿ ರಾಮನ ಕತೆಗಳನ್ನು ನಿಮ್ಮದೇ ಮಾತಿನಲ್ಲಿ ಬರೆದುಕೊಂಡರೆ ಯಾರನ್ನೂ ಕೇಳಬೇಕಿಲ್ಲ.